ಡೊಮೇನ್‌ಗೆ ಸೇರಿಸಿದ ಲಿನಕ್ಸ್ ಮಷೀನ್‌ನಲ್ಲಿ ಪಾಸ್‌ವರ್ಡ್ ಬದಲಾಗುತ್ತಿಲ್ಲ, ಏಕೆ?

ಹಾಸನದ ಕಾಲೇಜು ಲ್ಯಾಬಿನ ಉಬುಂಟು ಮಷೀನ್‌ಗಳಲ್ಲಿ ಡೊಮೇನ್ (ಎಲ್ಲ ಮಷೀನ್‌ಗಳ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಜಾಲ) ಲಾಗಿನ್ ಆಗುತ್ತದೆ, ಪಾಸ್‌ವರ್ಡ್ ಬದಲಿಸಲು ಹೋದರೆ ಮಾತ್ರ ‘ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್’ ಬರುತ್ತದೆ ಎಂದಿದ್ದೀರಿ.

ಲಾಗಿನ್ ಆದಮಾತ್ರಕ್ಕೆ ಸರ್ವರ್ ಸಿಕ್ಕಿದೆ ಅಂತಲ್ಲ. ಡೊಮೇನ್ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿ ಎಂಬ ಸೇವೆ, ಮಷೀನ್‌ನಲ್ಲೇ ಉಳಿಸಿಟ್ಟ ತನ್ನ ಕ್ಯಾಷ್‌ ನೋಡಿಯೇ ಒಳಗೆ ಬಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಲು ಡೊಮೇನ್ ಕಂಟ್ರೋಲರ್, ಅಂದರೆ ಖಾತೆಗಳನ್ನು ಇಟ್ಟುಕೊಂಡಿರುವ ಆ ಸರ್ವರ್, ಬೇಕೇ ಬೇಕು. ಅದೂ ಲಾಗಿನ್‌ನ 88ನೇ ಪೋರ್ಟ್ ಅಲ್ಲ, 464. ಫೈರ್‌ವಾಲ್‌ನಲ್ಲಿ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ. 88 ತೆರೆದು ಇದನ್ನು ಮರೆಯುವವರೇ ಜಾಸ್ತಿ.

ಗಡಿಯಾರವನ್ನೂ ನೋಡಿ. ಸರ್ವರ್‌ ಸಮಯಕ್ಕೂ ನಿಮ್ಮ ಮಷೀನಿನ ಸಮಯಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕರ್ಬೆರೋಸ್ ವ್ಯವಸ್ಥೆ ತಕರಾರು ತೆಗೆಯುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಹಳೇ ಮಷೀನ್‌ನ ಸಮಯ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಬದಲಿಸಿ.

ಎಸ್‌ಎಸ್‌ಎಸ್‌ಡಿ ಬದಲು ವಿನ್‌ಬೈಂಡ್ (ಸಾಂಬಾದ ಡೊಮೇನ್ ಲಾಗಿನ್ ಸೇವೆ) ಬಳಸುತ್ತಿದ್ದರೆ, ಲಾಗಿನ್ ಮತ್ತು ಪಾಸ್‌ವರ್ಡ್ ನಿಯಮಗಳನ್ನು ನೋಡಿಕೊಳ್ಳುವ ಪ್ಯಾಮ್‌ನ ಕಾಮನ್-ಪಾಸ್‌ವರ್ಡ್ ಫೈಲನ್ನೇ ಮೊದಲು ಅನುಮಾನಿಸಿ. ವಿನ್‌ಬೈಂಡ್ ಸಾಲಿನಲ್ಲಿರುವ ‘ಯೂಸ್_ಆಥ್‌ಟಾಕ್’ (use_authtok) ಎಂದರೆ, ಹೊಸ ಪಾಸ್‌ವರ್ಡನ್ನು ಮೇಲಿನ ಮಾಡ್ಯೂಲ್ ಆಗಲೇ ಕೇಳಿರಬೇಕು ಎಂದರ್ಥ. ಮೇಲೆ ಕೇಳುವವರೇ ಇಲ್ಲದಿದ್ದರೆ ಇದೇ ಎರರ್. ಆ ಪದ ತೆಗೆಯಿರಿ. ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಇಟ್ಟುಕೊಂಡೇ ಆ ಫೈಲ್ ಮುಟ್ಟಿ. ಒಂದಕ್ಷರ ತಪ್ಪಿದರೂ ಲಾಗಿನ್ ಆಗದೆ ಹೊರಗೆ ಉಳಿಯಬಹುದು.

ಎಲ್ಲ ಸರಿಯಿದ್ದೂ ಆಗದಿದ್ದರೆ, ಬೆಳಿಗ್ಗೆಯಷ್ಟೇ ಬದಲಿಸಿದ್ದಿರಾ? ಮೈಕ್ರೋಸಾಫ್ಟ್‌ನ ಡೊಮೇನ್ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಯ ಡೀಫಾಲ್ಟ್ ಡೊಮೇನ್ ಪಾಲಿಸಿಯಂತೆ, ಒಮ್ಮೆ ಬದಲಿಸಿದ ಮೇಲೆ 1 ದಿನ ಕಾಯಬೇಕು.