ಮತ್ತೆ ಬಂತು ಅಂದರೆ ಮುಗೀತು ಅಂತಲ್ಲ

ಅವರಿಗೆ 63 ವರ್ಷ. ಹೆಂಡತಿ ಜೊತೆ ಬಂದು ಕುಳಿತವರೇ ಜೇಬಿನಿಂದ ಪುಟ್ಟ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಮೂತ್ರಕ್ಕೆ ಹೋದಾಗಲೆಲ್ಲ ಹೊತ್ತು, ಬಣ್ಣ ಬರೆದಿಟ್ಟಿದ್ದರು. ‘ತಿಳಿ’, ‘ತಿಳಿ’, ‘ತಿಳಿ’. ಒಂದು ಕಡೆ ಮಾತ್ರ ‘ಕೆಂಪು?’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

ಏಳು ತಿಂಗಳ ಹಿಂದೆ ಮೂತ್ರದಲ್ಲಿ ರಕ್ತ ಹೋಗಿತ್ತು, ನೋವೇನೂ ಇರಲಿಲ್ಲ. ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ, ಮೂತ್ರನಾಳದ ಮೂಲಕವೇ ಗಡ್ಡೆ ಕೆರೆದು ತೆಗೆದರು. ಈಗ ಮತ್ತೊಂದು ಚಿಕ್ಕದು ಸಿಕ್ಕಿ, ಅದನ್ನೂ ತೆಗೆದಾಗಿದೆ. ಬಿಸಿಜಿ, ಅಂದರೆ ಕ್ಷಯಕ್ಕೆ ಹಾಕುವ ಲಸಿಕೆಯನ್ನೇ ಔಷಧಿಯಾಗಿ ಶುರು ಮಾಡೋಣ ಅಂದಿದ್ದಾರೆ ಡಾಕ್ಟರು. ಇವರು ಒಲ್ಲೆ ಅನ್ನುತ್ತಿದ್ದಾರೆ.

“ಮತ್ತೆ ಬಂತಲ್ಲ ಮೇಡಂ. ಸುಮ್ನೆ ಯಾಕೆ ಒದ್ದಾಡೋದು?”

ರಿಪೋರ್ಟ್ ನೋಡಿದೆ. ಹೈ ಗ್ರೇಡ್, ಅಂದರೆ ಬೇಗ ಬೆಳೆಯುವ ಬಗೆ, ಆದರೆ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿದಿಲ್ಲ. ಆ ಎರಡನೇ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತೇ ಅದು. ಸುಮಾರು ನಾಲ್ವರಲ್ಲಿ ಮೂವರಿಗೆ ಸ್ನಾಯುವಿಗೆ ಇಳಿಯುವ ಮೊದಲೇ ಪತ್ತೆಯಾಗುತ್ತೆ. ಅವರಲ್ಲಿ ಹೆಚ್ಚಿನವರು ಐದು ವರ್ಷ ದಾಟಿ ಬದುಕುತ್ತಾರೆ. ಮರಳಿ ಬರೋದು ಈ ಕ್ಯಾನ್ಸರಿನ ಸ್ವಭಾವ, ಅದಕ್ಕೇ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ನಳಿಗೆ ಹಾಕಿ ಮೂತ್ರಕೋಶದ ಒಳಗೆ ನೋಡೋದು. ಹಾಗೆ ನೋಡಿದ್ದರಿಂದಲೇ ಇದು ಚಿಕ್ಕದಿರುವಾಗ ಸಿಕ್ಕಿದ್ದು, ಅಲ್ವಾ?

“ಕ್ಷಯದ ಲಸಿಕೆ ಇಲ್ಲಿಗ್ಯಾಕೆ?” ಅಂದರು. ಅದನ್ನು ಮೂತ್ರಕೋಶಕ್ಕೆ ಬಿಟ್ಟರೆ, ಅಲ್ಲಿ ನಮ್ಮ ದೇಹದ ರಕ್ಷಣಾ ಪಡೆ ಎಚ್ಚರಗೊಂಡು ಉಳಿದ ಕ್ಯಾನ್ಸರ್ ಕಣಗಳ ಮೇಲೆ ಬೀಳುತ್ತೆ. ವಾರಕ್ಕೊಮ್ಮೆಯಂತೆ ಆರು ವಾರ. ಪ್ರತಿ ಸಲ ಸುಮಾರು ಎರಡು ಗಂಟೆ ಮೂತ್ರ ತಡೆದುಕೊಳ್ಳಬೇಕು. ಒಂದೆರಡು ದಿನ ಉರಿ, ಪದೇಪದೇ ಹೋಗುವ ಅವಸರ ಇರುತ್ತೆ. ಆದರೆ ಜೋರು ಜ್ವರ, ನಡುಕ ಬಂದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಔಷಧಿ ಕೊಟ್ಟ ದಿನ ಆರು ಗಂಟೆಗಳ ಕಾಲ, ಮೂತ್ರಕ್ಕೆ ಹೋದಾಗಲೆಲ್ಲ ಕೂತೇ ಮಾಡಿ, ಪ್ರತಿ ಸಲ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ಫ್ಲಷ್ ಮಾಡಿ ಅಂದೆ. ಹೆಂಡತಿ ಅದನ್ನು ಡೈರಿಯಲ್ಲೇ ಬರೆದುಕೊಂಡರು.

ಅವರಿಗಿದ್ದ ಇನ್ನೊಂದು ಹೆದರಿಕೆ, ಮೂತ್ರಕೋಶವನ್ನೇ ತೆಗೆದುಬಿಡುತ್ತಾರೆ ಅನ್ನೋದು. ಬಿಸಿಜಿಗೆ ಬಗ್ಗದಿದ್ದರೆ, ಸ್ನಾಯುವಿಗೆ ಇಳಿದರೆ ಆ ಮಾತು ಬರಬಹುದು. ನಾನು ಮುಚ್ಚಿಡಲಿಲ್ಲ. ಬರಬಾರದು ಅಂತಲೇ ಈಗಿನ ಚಿಕಿತ್ಸೆ.

ಸಿಗರೇಟಿನ ವಿಷಯಕ್ಕೆ ಬಂದಾಗ ತಲೆ ತಗ್ಗಿಸಿದರು. ಹೊಗೆಯ ವಿಷ ಮೂತ್ರದಲ್ಲೇ ಹೊರಹೋಗೋದು, ಆ ಕೋಶದಲ್ಲೇ ನಿಲ್ಲೋದು. ಈಗ ಬಿಟ್ಟರೂ ಲಾಭ ಇದೆ, ಬೈಯೋಕೆ ಕರೆದಿಲ್ಲ ಅಂದೆ.

ಮೂರನೇ ಡೋಸ್ ಆಗಿದೆ ಅಂತ ಹೆಂಡತಿ ಮೊನ್ನೆ ಫೋನ್ ಮಾಡಿದ್ದರು. ಸಿಗರೇಟ್ ಇನ್ನೂ ದಿನಕ್ಕೆ ಎರಡು ಇದೆಯಂತೆ. ಅದಕ್ಕೇ ಮುಂದಿನ ವಾರ ಮತ್ತೆ ಬರುತ್ತಿದ್ದಾರೆ.