ಓದುಗರ ಪ್ರಶ್ನೆ: ತೊಡೆಯ ಮೇಲಿನ ಕೂಸು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು 14 ತಿಂಗಳ ಮಗುವಿನೊಂದಿಗೆ ಅಲ್ಲಿಯೇ ವಿಮಾನದಲ್ಲಿ ಹೋಗಬೇಕು. ಎರಡು ವರ್ಷದೊಳಗಿನವರಿಗೆ ಟಿಕೆಟ್ ಬೇಡವಂತೆ. ಆದರೆ ಗಗನಸಖಿಯರ ಸಂಘ ಸೀಟು ಬೇಕೇ ಬೇಕು ಅನ್ನುತ್ತದೆ. ಯಾಕೆ?

ಉತ್ತರ: ಕಾನೂನು ತೊಡೆಯ ಮೇಲೆ ಕೂರಿಸಲು ಬಿಡುತ್ತದೆ, ಭೌತಶಾಸ್ತ್ರ ಬಿಡುವುದಿಲ್ಲ. ಜೋರು ಕುಲುಕಾಟದಲ್ಲಿ 10 ಕಿಲೋ ಮಗುವಿನ ಭಾರ ಹಲವು ಪಟ್ಟಾಗುತ್ತದೆ. ಯಾವ ತಾಯಿಯ ತೋಳೂ ತಡೆಯಲಾರದು. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಅಪಘಾತಕ್ಕೀಡಾದ ಯುನೈಟೆಡ್ ಏರ್‌ಲೈನ್ಸ್ 232 ವಿಮಾನದಲ್ಲಿ ತೊಡೆಯ ಮೇಲಿನ ಇಂಥ ನಾಲ್ಕು ಮಕ್ಕಳಿದ್ದರು. ಅಂದಿನ ಕ್ರಮದಂತೆ ಅವರನ್ನು ನೆಲದ ಮೇಲೆ ಇರಿಸಲು ಹೇಳಲಾಯಿತು. ಅವರಲ್ಲಿ ಒಂದು ಮಗು ಸತ್ತಿತು. ಗಗನಸಖಿಯರ ಸಂಘವಾದ ಎಎಫ್‌ಎ ಅದಕ್ಕೇ ಪಟ್ಟು ಹಿಡಿದಿದೆ. ಟಿಕೆಟ್ ಕಡ್ಡಾಯವಾದರೆ ಜನ ಕಾರು ಹತ್ತುತ್ತಾರೆ, ರಸ್ತೆಯಲ್ಲಿ ಸಾವು ಹೆಚ್ಚುತ್ತದೆ ಎಂಬುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ವಾದ. ವಾದ ಪೊಳ್ಳಲ್ಲ, ಆದರೆ ನಿಮ್ಮ ಮೊಮ್ಮಗುವಿಗೆ ಅದರಿಂದ ಪ್ರಯೋಜನವಿಲ್ಲ.

ಸೀಟು ಕೊಳ್ಳಿ. ವಿಮಾನದಲ್ಲೂ ಬಳಸಬಹುದೆಂದು ಕೆಂಪಕ್ಷರದಲ್ಲಿ ಬರೆದಿರುವ ಮಕ್ಕಳ ಕಾರ್ ಸೀಟನ್ನೇ ಒಯ್ಯಿರಿ. ಅಗಲ 16 ಇಂಚು ಮೀರಿದರೆ ಕೈಯಾಸರೆಗಳ ನಡುವೆ ಕೂರದೆ ತೊಂದರೆ. ಕಿಟಕಿ ಪಕ್ಕ ಕಟ್ಟಿ. ತುರ್ತು ದ್ವಾರದ ಸಾಲಾಗಲಿ ಅದರ ಹಿಂದುಮುಂದಿನ ಸಾಲಾಗಲಿ ಬೇಡ. ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ವಿಮಾನ ಮೇಲೇರುವಾಗ, ಇಳಿಯುವಾಗ ನಿಷಿದ್ಧ: ಅದಕ್ಕೆ ಭುಜದ ಪಟ್ಟಿ ಬೇಕು, ವಿಮಾನದಲ್ಲಿ ಅದಿಲ್ಲ.

ಪ್ರಶ್ನೆ: ಗಗನಸಖಿಯರಿಗೆ ಹೆಚ್ಚು ವಿಶ್ರಾಂತಿ ಬೇಕೆಂದೂ ಅದೇ ಸಂಘ ಒತ್ತಾಯಿಸಿತ್ತು. ಸಿಬ್ಬಂದಿಯ ನಿದ್ದೆಯ ಚಿಂತೆ ಪ್ರಯಾಣಿಕರಿಗೇಕೆ?

ಉತ್ತರ: ತುರ್ತಿನಲ್ಲಿ ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರನ್ನೂ ಇಳಿಸಬಹುದೆಂದು ತೋರಿಸಿದರೆ ಮಾತ್ರ ವಿಮಾನಕ್ಕೆ ಒಪ್ಪಿಗೆ. ನಿದ್ದೆಗೆಟ್ಟವರು ಹೊಗೆಯಲ್ಲಿ ತಪ್ಪು ಬಾಗಿಲು ತೆರೆದಾರು. ಅಮೆರಿಕದಲ್ಲಿ ಹಿಂದೆ ಎರಡು ಪಾಳಿಗಳ ನಡುವಿನ 9 ಗಂಟೆಯ ವಿಶ್ರಾಂತಿಯನ್ನು 8ಕ್ಕೆ ಇಳಿಸಬಹುದಿತ್ತು. ಸಂಘದ ಒತ್ತಾಯದಿಂದ 2018ರ ಕಾಯ್ದೆ 10 ಗಂಟೆ ಎಂದಿತು. ನಿಯಮ ಬಂದದ್ದು ಮಾತ್ರ 2022ರಲ್ಲಿ.