ಓಪನ್ ಸೋರ್ಸ್‌ಗೆ ನೀವು ಹೇಗೆ ಬಂದಿರಿ? ಕೋಡಿಂಗ್ ಅಷ್ಟಾಗಿ ಬರದವರಿಗೆ ಅಲ್ಲಿ ಏನಾದರೂ ಕೆಲಸ ಇದೆಯಾ?

ಕೆಲಸ ಇದೆ. ತುಂಬ ಬೇಕಾದ ಕೆಲಸವೇ ಇದೆ.

ವರ್ಷಗಳಿಂದ ಓಪನ್ ಸೋರ್ಸ್ ತಂತ್ರಾಂಶ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದದ್ದು) ಬಳಸುತ್ತಿದ್ದೀರಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲಿತಿದ್ದೀರಿ. ಆದರೆ ದೊಡ್ಡ ಪ್ರಾಜೆಕ್ಟಿನ ಕೋಡ್ ತೆರೆದರೆ ತಲೆಬುಡ ಗೊತ್ತಾಗುವುದಿಲ್ಲ, ಅಲ್ಲಿರುವವರೆಲ್ಲ ಪಳಗಿದವರ ಹಾಗೆ ಕಾಣುತ್ತಾರೆ ಎಂದು ಬರೆದಿದ್ದೀರಿ. ನಾನು ಬಂದಾಗಲೂ ಹೆಚ್ಚೂ ಕಡಿಮೆ ಇದೇ ಸ್ಥಿತಿ. ಬೇರೆಯವರು ವರದಿ ಮಾಡಿದ ಬಗ್‌ಗಳು (ತಂತ್ರಾಂಶದ ದೋಷಗಳು) ನನ್ನ ಕಂಪ್ಯೂಟರಿನಲ್ಲೂ ಬರುತ್ತವಾ ಎಂದು ನೋಡಿ ಹೇಳುತ್ತಾ ಹೇಳುತ್ತಾ ಒಳಗೆ ಬಂದೆ. ಕೋಡ್ ಬರೆದದ್ದು ಆಮೇಲೆ. ಈ ದಾರಿಯ ಬಗ್ಗೆ ಜಾಸ್ತಿ ಜನ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಾನು ದಿನಾ ಬಳಸುತ್ತಿದ್ದ ಒಂದು ಪಿಡಿಎಫ್ ರೀಡರ್, ಒಂದು ಫೈಲ್ ತೆರೆದ ಕೂಡಲೇ ಮುಚ್ಚಿಹೋಗುತ್ತಿತ್ತು. ದೂರು ಕೊಡೋಣ ಎಂದು ಅದರ ಇಶ್ಯೂ ಪಟ್ಟಿಗೆ ಹೋದೆ. ಅದೇ ದೂರು ಆಗಲೇ ಅಲ್ಲಿತ್ತು. ಕೆಳಗೆ ಮೇಂಟೇನರ್, ಅಂದರೆ ಆ ಪ್ರಾಜೆಕ್ಟನ್ನು ನೋಡಿಕೊಳ್ಳುವವರು, ಕೇಳಿದ್ದರು: ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಆ ಫೈಲ್ ಕೊಡಬಹುದಾ? ದೂರು ಕೊಟ್ಟವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ತಿಂಗಳುಗಟ್ಟಲೆ ಅದು ಹಾಗೇ ಬಿದ್ದಿತ್ತು. ನನ್ನ ಫೈಲ್ ನೂರಾರು ಪುಟದ್ದು, ಖಾಸಗಿ ವಿಷಯವೂ ಅದರಲ್ಲಿತ್ತು. ಹಾಗಾಗಿ ಅದನ್ನು ಅರ್ಧ ಮಾಡಿದೆ. ಯಾವ ಅರ್ಧಕ್ಕೆ ಕ್ರ್ಯಾಶ್ ಆಗುತ್ತದೆ ಎಂದು ನೋಡಿದೆ. ಅದನ್ನು ಮತ್ತೆ ಅರ್ಧ ಮಾಡಿದೆ. ಕೊನೆಗೆ ಒಂದೇ ಪುಟ ಉಳಿಯಿತು, ಅದರಲ್ಲಿದ್ದದ್ದು ಒಂದು ಚಿತ್ರ ಅಷ್ಟೇ. ಆ ಪುಟವನ್ನು ಲಗತ್ತಿಸಿ, ಆವೃತ್ತಿ ಬರೆದು, ಇದನ್ನು ತೆರೆದರೆ ಪ್ರತಿ ಸಲವೂ ಕ್ರ್ಯಾಶ್ ಆಗುತ್ತದೆ ಎಂದು ಹಾಕಿದೆ. ಮೇಂಟೇನರ್ ಮಾರನೇ ದಿನವೇ ಸರಿಪಡಿಸಿದರು. ಆ ಕಮಿಟ್‌ನ (ಕೋಡಿನಲ್ಲಿ ದಾಖಲಾದ ಬದಲಾವಣೆಯ) ಸಂದೇಶದ ಕೊನೆಯಲ್ಲಿ ನನ್ನ ಹೆಸರಿತ್ತು. ಅದನ್ನು ನೋಡಿ ಆದ ಖುಷಿ ಈಗಲೂ ನೆನಪಿದೆ.

ಹೀಗೆ ಹೆಸರು ಬರೆಯುವುದು ದೊಡ್ಡ ಪ್ರಾಜೆಕ್ಟುಗಳಲ್ಲೂ ಇರುವ ಪದ್ಧತಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕಮಿಟ್‌ಗಳನ್ನು ತೆರೆದು ನೋಡಿ. ಬಗ್ ಹೇಳಿದವರ ಹೆಸರು 'ರಿಪೋರ್ಟೆಡ್ ಬೈ' ಎಂದು, ಪ್ಯಾಚ್ (ತಿದ್ದುಪಡಿಯ ಕೋಡ್) ಹಾಕಿ ಪರೀಕ್ಷಿಸಿದವರ ಹೆಸರು 'ಟೆಸ್ಟೆಡ್ ಬೈ' ಎಂದು, ಓದಿ ಒಪ್ಪಿದವರ ಹೆಸರು 'ರಿವ್ಯೂಡ್ ಬೈ' ಎಂದು ಇರುತ್ತದೆ. ಕೋಡ್ ಬರೆದವರ ಜೊತೆಗೆ ಇವರೂ ಆ ಇತಿಹಾಸದಲ್ಲಿ ಉಳಿಯುತ್ತಾರೆ.

ಇಷ್ಟು ಬೆಲೆ ಯಾಕೆ ಅಂದರೆ, ಎಷ್ಟೋ ಬಗ್‌ಗಳಲ್ಲಿ ಸರಿಪಡಿಸುವ ಕೆಲಸ ಹತ್ತು ನಿಮಿಷದ್ದು. ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವುದಕ್ಕೇ ದಿನಗಟ್ಟಲೆ ಬೇಕು. ಮೇಂಟೇನರ್ ಹತ್ತಿರ ಅಷ್ಟು ಸಮಯ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಓಪನ್ ಸೋರ್ಸ್ ಅಂದರೆ ಸಾವಿರಾರು ಜನರ ಸೈನ್ಯ ಅನ್ನಿಸುತ್ತದೆ, ಅಲ್ವಾ? ಕರ್ನಲ್‌ನಂಥ ಕೆಲವು ಕಡೆ ಅದು ನಿಜ. ಆದರೆ ಬಹಳಷ್ಟು ಪ್ರಾಜೆಕ್ಟುಗಳನ್ನು ಒಬ್ಬರೋ ಇಬ್ಬರೋ ಬಿಡುವಿನಲ್ಲಿ ನಡೆಸುತ್ತಾರೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) 'ಹಾರ್ಟ್‌ಬ್ಲೀಡ್' ದೋಷ ಸಿಕ್ಕಾಗ ಜಗತ್ತಿಗೆ ಇದು ಗೊತ್ತಾಯಿತು. ಇಂಟರ್ನೆಟ್ಟಿನ ಅಷ್ಟೊಂದು ಸರ್ವರ್‌ಗಳ ಭದ್ರತೆ ಆ ಲೈಬ್ರರಿಯ ಮೇಲೆ ನಿಂತಿತ್ತು. ಅದಕ್ಕಾಗಿ ಪೂರ್ತಿ ಸಮಯ ಕೆಲಸ ಮಾಡುತ್ತಿದ್ದವರು ಹೆಚ್ಚೂ ಕಡಿಮೆ ಒಬ್ಬರೇ. ಇದನ್ನು ಓದಿದ ಮೇಲೆ ಇಶ್ಯೂ ಪಟ್ಟಿಯನ್ನು ನಾನು ನೋಡುವ ರೀತಿಯೇ ಬದಲಾಯಿತು. ಹೊಸಬರು ಕೊಡಬಹುದಾದ ದೊಡ್ಡ ಕೊಡುಗೆ ಅಂದರೆ ಮೇಂಟೇನರ್ ಸಮಯ ಉಳಿಸುವುದು. ಅದಕ್ಕೆ ಜಾಣತನಕ್ಕಿಂತ ತಾಳ್ಮೆ ಜಾಸ್ತಿ ಬೇಕು.

ಆ ಪಿಡಿಎಫ್ ರೀಡರ್‌ನ ಹಳೆಯ ದೂರುಗಳನ್ನು ಒಂದೊಂದಾಗಿ ಓದತೊಡಗಿದೆ. ಕೆಲವು ಹೊಸ ಆವೃತ್ತಿಯಲ್ಲಿ ಬರುತ್ತಲೇ ಇರಲಿಲ್ಲ. ಅಲ್ಲಿ 'ಇದು ಈಗ ಸರಿಹೋಗಿದೆ, ಮುಚ್ಚಬಹುದು' ಎಂದು ಬರೆದೆ. ಕೆಲವು ಒಂದೇ ದೂರಿನ ಎರಡು ರೂಪ. ಅವುಗಳನ್ನು ಒಂದಕ್ಕೊಂದು ಜೋಡಿಸಿದೆ. ಕೆಲವು ನಿಜಕ್ಕೂ ಇದ್ದವು, ಅವಕ್ಕೆ ಹಂತ ಹಂತವಾಗಿ ಹೇಗೆ ಬರಿಸುವುದು ಎಂದು ಬರೆದೆ. ಕೆಲವು ವಾರಗಳಲ್ಲಿ ಮೇಂಟೇನರ್ ನನಗೆ ಇಶ್ಯೂಗಳನ್ನು ಮುಚ್ಚುವ, ಲೇಬಲ್ ಹಾಕುವ ಅಧಿಕಾರ ಕೊಟ್ಟರು. ನಾನು ಕೇಳಿರಲಿಲ್ಲ.

ಕೋಡ್ ಓದಲು ಕಲಿತದ್ದೂ ಈ ಕೆಲಸದಲ್ಲೇ. ನಿಮಗೆ ತಲೆಬುಡ ತಿಳಿಯದಿರುವುದಕ್ಕೆ ಕಾರಣ ಮೊದಲ ಫೈಲಿನಿಂದ ಓದಲು ಕೂತಿರುವುದು ಎಂದು ನನ್ನ ಅಂದಾಜು. ಯಾರೂ ಹಾಗೆ ಓದುವುದಿಲ್ಲ. ಹೊಸ ಊರಿಗೆ ಹೋದವರು ಇಡೀ ಊರಿನ ನಕ್ಷೆ ಬಾಯಿಪಾಠ ಮಾಡುವುದಿಲ್ಲ, ಕೈಯಲ್ಲಿರುವ ಒಂದು ವಿಳಾಸ ಹುಡುಕಿಕೊಂಡು ಹೋಗುತ್ತಾರೆ. ಬಗ್ ಅಂದರೆ ಆ ವಿಳಾಸ. ಕ್ರ್ಯಾಶ್ ಆದಾಗ ಬರುವ ಸ್ಟ್ಯಾಕ್ ಟ್ರೇಸ್‌ನಲ್ಲಿ (ಆಗ ಕೋಡಿನ ಯಾವ ಭಾಗ ಓಡುತ್ತಿತ್ತು ಎಂಬ ಪಟ್ಟಿ) ಫಂಕ್ಷನ್ ಹೆಸರು, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕಿನ ಹೆಸರು, ಇರುತ್ತದೆ. ಅದೊಂದು ಫಂಕ್ಷನ್ ಓದಿ. ಅದನ್ನು ಬೇರೆ ಯಾವ ಫಂಕ್ಷನ್ ಕರೆಯುತ್ತದೆ ನೋಡಿ. ಪರದೆಯ ಮೇಲೆ ದೋಷದ ಸಂದೇಶ ಬಂದರೆ ಆ ಸಾಲನ್ನೇ ಇಡೀ ಕೋಡಿನಲ್ಲಿ ಹುಡುಕಿ. ಉಳಿದ ಲಕ್ಷ ಸಾಲುಗಳು ಅವುಗಳ ಪಾಡಿಗೆ ಇರಲಿ.

ಇನ್ನೊಂದು ಉಪಕರಣದ ಬಗ್ಗೆ ಹೇಳಲೇಬೇಕು: ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಕೊಡುವ ಗಿಟ್ ಬೈಸೆಕ್ಟ್. ಹೋದ ಆವೃತ್ತಿಯಲ್ಲಿ ಸರಿಯಿತ್ತು, ಈಗ ಕೆಟ್ಟಿದೆ ಎಂಬಂಥ ಬಗ್‌ಗೆ ಇದು ಹೇಳಿ ಮಾಡಿಸಿದ್ದು. ಸರಿಯಿದ್ದ ಕಮಿಟ್ ಯಾವುದು, ಕೆಟ್ಟ ಕಮಿಟ್ ಯಾವುದು ಎಂದು ಗಿಟ್‌ಗೆ ಹೇಳಿದರೆ ಅದು ನಡುವಿನದೊಂದನ್ನು ಎತ್ತಿ ಕೊಡುತ್ತದೆ. ನೀವು ಅದನ್ನು ಬಿಲ್ಡ್ ಮಾಡಿ (ಕೋಡಿನಿಂದ ಓಡುವ ತಂತ್ರಾಂಶ ಸಿದ್ಧಪಡಿಸಿ), ಓಡಿಸಿ, ಸರಿಯೋ ಕೆಟ್ಟಿದೆಯೋ ಎಂದು ತಿಳಿಸಬೇಕು. ಪ್ರತಿ ಸಲ ಅರ್ಧ ಕಮಿಟ್‌ಗಳು ಹೊರಗೆ ಹೋಗುತ್ತವೆ. 1000 ಕಮಿಟ್ ಇದ್ದರೂ ಸುಮಾರು 10 ಹೆಜ್ಜೆಗೆ ಬಗ್ ತಂದ ಕಮಿಟ್ ಸಿಕ್ಕಿಬಿಡುತ್ತದೆ. ಆ ಕೋಡ್ ಏನು ಮಾಡುತ್ತದೆ ಎಂದು ನಿಮಗೆ ಗೊತ್ತಿರಬೇಕಾಗಿಲ್ಲ. 'ಈ ಕಮಿಟ್‌ನಿಂದ ಕೆಟ್ಟಿದೆ' ಎಂಬ ಒಂದು ಸಾಲಿನ ಉತ್ತರ ಅದನ್ನು ಬರೆದವರಿಗೆ ಅರ್ಧ ದಿನ ಉಳಿಸುತ್ತದೆ. ಇದಕ್ಕೆ ಬೇಕಾದದ್ದು ಆ ತಂತ್ರಾಂಶವನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲು ಬರುವುದು. ಅದನ್ನು ಮೊದಲು ಕಲಿಯಿರಿ. ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ.

ನನ್ನ ಮೊದಲ ಪ್ಯಾಚ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದೂ ಕೆಲವೇ ಸಾಲು. ರಿವ್ಯೂ ಮಾಡಿದವರು ಕೇಳಿದ್ದು ಮೂರು: ಎರಡು ಬೇರೆ ವಿಷಯ ಒಂದೇ ಪ್ಯಾಚಿನಲ್ಲಿವೆ, ಬಿಡಿಸಿ ಕೊಡಿ. ಟೆಸ್ಟ್ ಸೇರಿಸಿ. ಏನು ಬದಲಾಯಿಸಿದಿರಿ ಎಂಬುದು ಕೋಡಿನಲ್ಲೇ ಕಾಣುತ್ತದೆ, ಯಾಕೆ ಬದಲಾಯಿಸಿದಿರಿ ಎಂಬುದನ್ನು ಕಮಿಟ್ ಸಂದೇಶದಲ್ಲಿ ಬರೆಯಿರಿ. ಹೊಸಬರು ಇಂಥ ಉತ್ತರ ನೋಡಿ ಬೇಸರ ಮಾಡಿಕೊಂಡು ಹೋಗಿಬಿಡುವುದನ್ನು ತುಂಬ ಸಲ ನೋಡಿದ್ದೇನೆ. ಹೋಗಬೇಡಿ. ನಿಮ್ಮ ಪ್ಯಾಚ್ ಮರ್ಜ್ ಆದ (ಪ್ರಾಜೆಕ್ಟಿನ ಕೋಡಿಗೆ ಸೇರಿದ) ಮೇಲೆ ನೀವು ಇರುತ್ತೀರೋ ಇಲ್ಲವೋ, ಅದನ್ನು ನೋಡಿಕೊಳ್ಳಬೇಕಾದವರು ಅವರು. ಅಪರಿಚಿತರ ಮೂರು ಸಾಲನ್ನು ಕೂತು ಓದಿ ಉತ್ತರ ಬರೆಯುತ್ತಾರೆ ಅಂದರೆ ಅವರು ತಮ್ಮ ಸಂಜೆಯನ್ನು ನಿಮಗೆ ಕೊಟ್ಟಿದ್ದಾರೆ. ಪ್ರೋಗ್ರಾಮಿಂಗ್ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಈ ರಿವ್ಯೂಗಳಿಂದಲೇ ಬಂದದ್ದು.

2024ರ ಮಾರ್ಚ್‌ನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದೆ ಎಂದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡ್ ತಾನೇ ಎಂದು ಬಿಡಬಹುದಿತ್ತು. ಅವರು ಬಿಡಲಿಲ್ಲ. ಬೆನ್ನು ಹತ್ತಿ ಹೋದಾಗ, ಎಕ್ಸ್‌ಝೆಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು (ಕಳ್ಳದಾರಿಯಲ್ಲಿ ಒಳನುಗ್ಗಲು ಬಿಡುವ ಕೋಡ್) ಸೇರಿಸಿರುವುದು ಸಿಕ್ಕಿತು. ಹೆಚ್ಚಿನ ಲಿನಕ್ಸ್ ಬಳಕೆದಾರರಿಗೆ ತಲುಪುವ ಮೊದಲೇ ಅದನ್ನು ತಡೆಯಲಾಯಿತು. ಫ್ರಾಯ್ಂಡ್ ಭದ್ರತೆಯ ವಿಷಯದ ಪರಿಣತರಾಗಿ ಅದನ್ನು ಹುಡುಕಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿದ್ದನ್ನು ಕೊನೆಯವರೆಗೂ ನೋಡಿದರು. ಅವರ ಮಟ್ಟ ಬೇರೆ, ನಿಜ. ಆದರೆ ಒಂದು ಫೈಲನ್ನು ಅರ್ಧ ಅರ್ಧ ಮಾಡುತ್ತಾ ಹೋಗುವವರು ಮಾಡುವುದೂ ಅದೇ ಜಾತಿಯ ಕೆಲಸ.

ಆ ಕಥೆಯ ಇನ್ನೊಂದು ಮುಖ ನನಗೆ ತುಂಬ ನೋವು ಕೊಟ್ಟಿದ್ದು. ಹಿಂಬಾಗಿಲು ಸೇರಿಸಿದ ವ್ಯಕ್ತಿ ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕೊಟ್ಟು ನಂಬಿಕೆ ಗಳಿಸಿದ್ದ. ಅದೇ ಹೊತ್ತಿಗೆ ಬೇರೆ ಬೇರೆ ಹೆಸರಿನವರು ಬಂದು, ಕೆಲಸ ನಿಧಾನ, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ ಎಂದು ಹಳೆಯ ಮೇಂಟೇನರ್‌ರನ್ನು ಕಾಡಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಪ್ರಾಜೆಕ್ಟ್ ಎಂದು ಅವರು ಬರೆದು ಹೇಳಿದ್ದರು. ಅದಕ್ಕೇ ಕೈ ಮುಗಿದು ಕೇಳುತ್ತೇನೆ: ಯಾವ ಇಶ್ಯೂ ಕೆಳಗೂ 'ಇನ್ನೂ ಯಾಕೆ ಆಗಿಲ್ಲ' ಎಂದು ಬರೆಯಬೇಡಿ. ಬರೆಯುವುದಾದರೆ ಒಂದು ಹೊಸ ಮಾಹಿತಿ ಸೇರಿಸಿ ಬರೆಯಿರಿ.

ಯಾವ ಪ್ರಾಜೆಕ್ಟ್ ಆರಿಸಿಕೊಳ್ಳುವುದು ಎಂದೂ ಕೇಳಿದ್ದೀರಿ. ನೀವು ನಿಜವಾಗಿ ಬಳಸುವುದನ್ನೇ ಆರಿಸಿ. ಹೆಸರು ದೊಡ್ಡದು ಎಂದು ಹೋದವರು ಬೇಗ ಸೋಲುತ್ತಾರೆ. ಆಮೇಲೆ ಸುಮ್ನೆ ಅಲ್ಲಿನ ಹಳೆಯ ಮಾತುಕತೆ ಓದಿ. ತೀರಾ ಸಣ್ಣ ಪ್ರಶ್ನೆ ಕೇಳಿದವರಿಗೆ ಹೇಗೆ ಉತ್ತರ ಕೊಟ್ಟಿದ್ದಾರೆ? ಪ್ಯಾಚ್ ತಿರಸ್ಕರಿಸಿದಾಗ ಕಾರಣ ಹೇಳಿದ್ದಾರಾ? ಒಂದು ಗಂಟೆ ಓದಿದರೆ ಅಲ್ಲಿನ ಗಾಳಿ ಗೊತ್ತಾಗುತ್ತದೆ. ಹೊಸಬರನ್ನು ಗದರಿಸುವುದೇ ರೂಢಿಯಾಗಿದ್ದ ಒಂದು ಕಡೆಯಿಂದ ನಾನು ಎದ್ದು ಬಂದಿದ್ದೇನೆ. ನೀವೂ ಬನ್ನಿ, ಅದರಲ್ಲಿ ತಪ್ಪಿಲ್ಲ. ಇಂಥ ರೂಢಿ ಬದಲಾಗುವುದೂ ಉಂಟು. 2018ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಇಮೇಲ್‌ಗಳಿಗಾಗಿ ಕ್ಷಮೆ ಕೇಳಿ ಸ್ವಲ್ಪ ದಿನ ಬಿಡುವು ತೆಗೆದುಕೊಂಡರು, ಕರ್ನಲ್ ಪ್ರಾಜೆಕ್ಟ್ ಅದೇ ಹೊತ್ತಿಗೆ ಹೊಸ ನಡವಳಿಕೆ ನಿಯಮಗಳನ್ನು ಒಪ್ಪಿಕೊಂಡಿತು.

ಕೋಡ್ ತೆರೆದಿದೆ ಅಂದ ಮಾತ್ರಕ್ಕೆ ಹೊರಗಿನವರ ಪ್ಯಾಚ್ ಬೇಕು ಎಂದೂ ಅಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ನೋಡಿ, ಅದರ ಕೋಡ್ ಯಾರು ಬೇಕಾದರೂ ಬಳಸಬಹುದು, ಆದರೆ ಅಪರಿಚಿತರಿಂದ ಪ್ಯಾಚ್ ತೆಗೆದುಕೊಳ್ಳುವ ಪದ್ಧತಿ ಅವರಲ್ಲಿಲ್ಲ. ಅಂಥ ಕಡೆಯೂ ಒಳ್ಳೆಯ ಬಗ್ ವರದಿಗೆ ಸ್ವಾಗತ ಇದ್ದೇ ಇದೆ. ಪ್ರಾಜೆಕ್ಟಿನ 'ಕಾಂಟ್ರಿಬ್ಯೂಟಿಂಗ್' ಎಂಬ ಫೈಲ್ ಮೊದಲು ಓದಿದರೆ ಇದೆಲ್ಲ ತಿಳಿಯುತ್ತದೆ.

ನಿಮ್ಮ ಇಂಗ್ಲಿಷ್ ಬಗ್ಗೆ ಇರುವ ಅಳುಕು ಬಿಟ್ಟುಬಿಡಿ. ಅಲ್ಲಿರುವ ಎಷ್ಟೋ ಜನರಿಗೆ ಅದು ಮನೆಮಾತಲ್ಲ. 'ಇದನ್ನು ಒತ್ತಿದೆ, ಹೀಗಾಗಬೇಕಿತ್ತು, ಹೀಗಾಯಿತು' ಎಂಬ ಮೂರು ಸಣ್ಣ ವಾಕ್ಯ, ಜೊತೆಗೊಂದು ಫೈಲ್. ಒಳ್ಳೆಯ ವರದಿಗೆ ಇದಕ್ಕಿಂತ ಭಾಷೆ ಬೇಡ.

ಎಐ ಉಪಕರಣಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಒಂದು ಫಂಕ್ಷನ್ ಅರ್ಥ ಮಾಡಿಕೊಳ್ಳಲು ಬಳಸಿ, ಧಾರಾಳವಾಗಿ. ಅದು ಬರೆದುಕೊಟ್ಟ ಬಗ್ ವರದಿಯನ್ನು ನೀವೇ ಓಡಿಸಿ ನೋಡದೆ ಹಾಕಬೇಡಿ. 1998ರಿಂದ ಕರ್ಲ್ (ಇಂಟರ್ನೆಟ್ಟಿನಲ್ಲಿ ಡೇಟಾ ಕಳಿಸುವ, ತರಿಸುವ ಉಪಕರಣ) ನಡೆಸುತ್ತಿರುವ ಡ್ಯಾನಿಯಲ್ ಸ್ಟೆನ್‌ಬರ್ಗ್, ಇಂಥ ಹುಸಿ ಭದ್ರತಾ ವರದಿಗಳು ತಮ್ಮ ತಂಡದ ಸಮಯವನ್ನು ಹೇಗೆ ತಿನ್ನುತ್ತಿವೆ ಎಂದು ಮತ್ತೆ ಮತ್ತೆ ಬರೆದಿದ್ದಾರೆ. ಪ್ಯಾಚ್‌ಗಳ ಲೆಕ್ಕ ತೋರಿಸಲು ಮಾಡುವ ಕೆಲಸವೂ ಹಾಗೆಯೇ. ಓಪನ್ ಸೋರ್ಸ್‌ಗೆ ಪ್ಯಾಚ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ, 2020ರಲ್ಲಿ ಆ ಟೀ ಶರ್ಟ್ ಆಸೆಗೆ ಎಷ್ಟು ಜನ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್ (ಪ್ಯಾಚ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರು ಅಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ಅರ್ಧದಲ್ಲೇ ನಿಯಮ ಬದಲಾಯಿಸಬೇಕಾಯಿತು.

ಹಣದ ವಿಷಯ ಚುಟುಕಾಗಿ: ಮೊದಲ ದಿನದಿಂದ ಹಣ ನಿರೀಕ್ಷಿಸಬೇಡಿ. ಆದರೆ ಗೌರವಧನ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ, 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಈಗ ವಿದ್ಯಾರ್ಥಿಗಳಲ್ಲದ ಹೊಸಬರೂ ಅರ್ಜಿ ಹಾಕಬಹುದು. ಔಟ್‌ರೀಚಿ ಎಂಬ ಇಂಟರ್ನ್‌ಶಿಪ್‌ನಲ್ಲೂ ಗೌರವಧನ ಸಿಗುತ್ತದೆ, ಈ ಕ್ಷೇತ್ರದಲ್ಲಿ ಅವಕಾಶ ಕಡಿಮೆ ಸಿಕ್ಕವರಿಗಾಗಿಯೇ ಇರುವುದು ಅದು. ಎರಡರಲ್ಲೂ ಮೊದಲೇ ಆ ಪ್ರಾಜೆಕ್ಟಿನಲ್ಲಿ ಓಡಾಡಿದವರ ಅರ್ಜಿಗೆ ತೂಕ ಜಾಸ್ತಿ.

ಇವತ್ತೇ ಶುರು ಮಾಡುವುದಾದರೆ, ನೀವು ಬಳಸುವ ಯಾವುದಾದರೂ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಳ್ಳಿ. ಅದರ ಇಶ್ಯೂ ಪಟ್ಟಿಯನ್ನು ಹಳೆಯದು ಮೊದಲು ಬರುವ ಹಾಗೆ ಜೋಡಿಸಿ. ಮೇಂಟೇನರ್ ಪ್ರಶ್ನೆ ಕೇಳಿ, ಉತ್ತರ ಬರದೆ ನಿಂತಿರುವ ಒಂದು ದೂರು ಹುಡುಕಿ. ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಬಗ್ ಬರಲಿಲ್ಲ ಎಂಬುದೂ ಉತ್ತರವೇ. ಯಾವ ತಂತ್ರಾಂಶ ಎಂದು ಕೆಳಗೆ ತಿಳಿಸಿದರೆ, ಅದನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಎಲ್ಲಿ ಸಿಕ್ಕಿಕೊಂಡರೂ ನನಗೆ ತಿಳಿದಷ್ಟು ಸಹಾಯ ಮಾಡುತ್ತೇನೆ.